ಉಷ್ಣದ ತಲೆಗೆ ಕಟ್ಟಿದ ತುರಿಕೆ

ಬಸುರಿಯೊಬ್ಬಳು ಕಲಬುರಗಿ ಬಸ್ ಸ್ಟ್ಯಾಂಡಿನ ಮುಂದೆ ನಿಂತು ಆಟೋಕ್ಕೆ ಕೈಮಾಡಿ "ಸೇಡಂ ರೋಡ್" ಅಂದರೆ ಸಾಕು, ಮುಂದಿನ ಪ್ರಶ್ನೆಯನ್ನು ಆಟೋದವನೇ ಹಾಕುತ್ತಾನೆ: "ಜಿಮ್ಸೋ, ಇಎಸ್‌ಐನೋ, ಬಸವೇಶ್ವರೋ, ಯಾವುದ್ರಿ ಅಕ್ಕಾರ?" ಮೂರು ಮೆಡಿಕಲ್ ಕಾಲೇಜುಗಳ ದವಾಖಾನೆಗಳು ಒಂದೇ ರಸ್ತೆಗೆ ಬಂದು ಕೂತಮೇಲೆ ಅವನಾದರೂ ಇನ್ನೇನು ಕೇಳಬೇಕು? ನಡುನಡುವೆ ನರ್ಸಿಂಗ್ ಹೋಮು, ಲ್ಯಾಬು, ಸ್ಕ್ಯಾನಿಂಗ್ ಸೆಂಟರು, ಮೆಡಿಕಲ್ ಶಾಪು, ಅದರ ಮಗ್ಗಲಿಗೆ ಚಹಾದಂಗಡಿ. ಇಷ್ಟೆಲ್ಲ ಇದ್ದರೂ ನಮ್ಮೂರಲ್ಲಿ ರೋಗ ಪತ್ತೆಯಾಗುವುದು ದವಾಖಾನೆಯ ಗೇಟಿನಾಚೆಗೆ. ಆಟೋದಲ್ಲಿ ಜೊತೆಗೆ ಕೂತ, ಹೆಸರೂ ಗೊತ್ತಿಲ್ಲದ ಹೆಣ್ಮಗಳು ಮುಖ ನೋಡಿಯೇ ಹೇಳಿಬಿಡುತ್ತಾಳೆ. ಫೀಸಿಲ್ಲ, ಚೀಟಿ ಮಾಡಿಸುವ ಸಾಲಿಲ್ಲ. ರಿಪೋರ್ಟು ಮಾತ್ರ ಎಲ್ಲರಿಗೂ ಒಂದೇ: "ಉಷ್ಣ ಆಗ್ಯಾದ."

ನಮ್ಮಲ್ಲಿ ಉಷ್ಣಕ್ಕೆ ಆಗದ ಕೆಲಸವಿಲ್ಲ. ಬಾಯಿ ಹುಣ್ಣಾದರೆ ಉಷ್ಣ, ಕಣ್ಣು ಕೆಂಪಾದರೆ ಉಷ್ಣ, ಮೂಗಿನಿಂದ ರಕ್ತ ಬಂದರೆ ಉಷ್ಣ. ಗಂಡ ಸುಮ್ಮಸುಮ್ಮನೆ ಸಿಟ್ಟಿಗೆದ್ದರೂ "ಪಾಪ, ಅವರಿಗಿ ಉಷ್ಣ ಭಾಳ" ಎಂದು ಮನೆಯವರೇ ವಕಾಲತ್ತು ವಹಿಸುತ್ತಾರೆ. ಬೇಸಿಗೆಯಲ್ಲಿ 42, 43 ಡಿಗ್ರಿ ಕಾಯುವ ಊರಿನಲ್ಲಿ ಬಿಸಿಲಿನ ಮೇಲೆ ಗೂಬೆ ಕೂರಿಸುವುದು ಸುಲಭ. ಅದು ತಿರುಗಿ ಮಾತಾಡುವುದಿಲ್ಲ, ಪೊಲೀಸ್ ಸ್ಟೇಷನ್‌ಗೂ ಹೋಗುವುದಿಲ್ಲ.

ಹಾಗಾಗಿ ಹೊಟ್ಟಿಲೆ ಇದ್ದ ಹೆಣ್ಮಗಳಿಗೆ 'ಕೆಳಗ' ತುರಿಕೆ ಹತ್ತಿ, ಉರಿ ಶುರುವಾಗಿ, ಒಡೆದ ಹಾಲಿನಂಥ ಬಿಳಿ ಹೋಗತೊಡಗಿದಾಗ ಆ ಅಪರಾಧವೂ ನೇರವಾಗಿ ಉಷ್ಣದ ಖಾತೆಗೇ ಜಮಾ. ಉಷ್ಣಕ್ಕೆ ಮದ್ದು ಗೊತ್ತೇ ಇದೆ: ಕಾಮಕಸ್ತೂರಿ ಬೀಜದ ಶರಬತ್ತು, ಜೀರಿಗೆ ನೀರು, ಜೋಳದ ಅಂಬಲಿ, ಹೊಕ್ಕಳಿಗೆ ಹರಳೆಣ್ಣೆ. ಎಲ್ಲವೂ ಒಳ್ಳೆಯವೇ. ಕುಡಿದರೆ ಜೀವ ತಂಪಾಗುತ್ತದೆ, ಹಚ್ಚಿಕೊಂಡರೆ ನಿದ್ದೆ ಬರುತ್ತದೆ. ತುರಿಕೆ ಮಾತ್ರ ತನ್ನ ಪಾಡಿಗೆ ಮುಂದುವರಿಯುತ್ತದೆ, ಯಾಕೆಂದರೆ ಶರಬತ್ತು ಹೋಗುವ ದಾರಿಯಲ್ಲಿ ಅದು ಕೂತಿಲ್ಲ.

ನಮ್ಮ ದೊಡ್ಡವ್ವ ಕಮಲಾಪುರದಾಕಿ. ಕೆಂಪು ಬಾಳೆಹಣ್ಣಿನ ಆ ಊರಿನವರಿಗೆ ಒಂದು ಬಿಂಕ ಇದೆ. ಹಣ್ಣಿಗೆ ಜಿಐ ಗುರುತು ಸಿಕ್ಕಮೇಲಂತೂ ಅದು ಹಣ್ಣಿಗಿಂತ ಮನುಷ್ಯರಲ್ಲೇ ಜಾಸ್ತಿ. ದೊಡ್ಡವ್ವನ ಸೊಸೆಗೆ ಆರು ತಿಂಗಳು ತುಂಬಿದಾಗ ತುರಿಕೆ ಹತ್ತಿತು. ಹುಡುಗಿ ಅತ್ತೆಯ ಮುಂದೆ ಬಾಯಿಬಿಟ್ಟದ್ದು "ಯಾಕೋ ಕೂಡಲಿಕ್ಕೇ ಆಗವಲ್ದು ಅತ್ತಿ" ಎಂಬಷ್ಟೇ. ದೊಡ್ಡವ್ವ ಮುಂದೆ ಕೇಳಲಿಲ್ಲ. "ಉಷ್ಣ ಆಗ್ಯಾದ ತಗೊ" ಎಂದು ಕೈಗೊಂದು ಕೆಂಪು ಬಾಳೆಹಣ್ಣು ಕೊಟ್ಟಳು. ಮರುದಿನವೂ ಕೊಟ್ಟಳು. ಕೂಡಲಾಗದ ಸೊಸೆ ನಿಂತುಕೊಂಡೇ ತಿಂದಳು.

ಬಸುರಿಗೆ ನಮ್ಮ ಮಂದಿ ಕೊಡುವ ಸಲಹೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಪಪ್ಪಾಯಿ ತಿನ್ನಬೇಡ, ಗ್ರಹಣ ನೋಡಬೇಡ, ಕೇಸರಿ ಹಾಲು ಕುಡಿ, ಎಡಮಗ್ಗಲಿಗೆ ಮಲಗು, ಸಿಟ್ಟು ಮಾಡಬೇಡ, ಸಿನಿಮಾದಲ್ಲಿ ಸಾಯುವ ಸೀನ್ ಬಂದರೆ ಕಣ್ಣು ಮುಚ್ಚು. ನೆತ್ತಿಯಿಂದ ಅಂಗಾಲಿನವರೆಗೆ ದೇಹದ ಎಲ್ಲ ಜಾಗಕ್ಕೂ ಉಪದೇಶ ಉಂಟು, ಆ ಒಂದು ಗೇಣು ಜಾಗವನ್ನು ಬಿಟ್ಟು. ಅಲ್ಲಿಗೆ ಬಂದಕೂಡಲೇ ಊರಿಗೆ ಊರೇ ಮೌನವ್ರತ. ಕೂಸು ಆ ದಾರಿಯಲ್ಲೇ ಬರಬೇಕೆಂಬುದು ಎಲ್ಲರಿಗೂ ಗೊತ್ತು. ದಾರಿಯ ಸುದ್ದಿ ಮಾತ್ರ ಯಾರಿಗೂ ಬೇಡ.

ಇತ್ತ ಸೊಸೆ ರಾತ್ರಿ ಗಂಡನ ಕಿವಿಯಲ್ಲಿ ಹೇಳಿದಳು. ನನ್ನ ಈ ತಮ್ಮ ಸಾಲಿ ಮಾಸ್ತರ. ಅವನು ಮಗ್ಗಿ ಹೇಳಿಕೊಟ್ಟರೆ ಪಕ್ಕದ ಓಣಿಯ ಮುದುಕರಿಗೂ ಬಾಯಿಪಾಠ ಆಗುತ್ತದೆ, ಅಂಥ ಗಂಟಲು. ಮೆಡಿಕಲ್ ಶಾಪಿನ ಮುಂದೆ ನಿಂತಾಗ ಆ ಗಂಟಲು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಹೆಣ್ಣುಮಕ್ಕಳು ಹೋಗಲಿ ಎಂದು ಕಾದ. ಗಂಡಸರು ಬಂದರು, ಅವರೂ ಹೋಗಲಿ ಎಂದು ಕಾದ. ಕಾಯುವಾಗ ಸುಮ್ಮನೆ ನಿಂತರೆ ಚಂದ ಕಾಣುವುದಿಲ್ಲವೆಂದು ಒಂದು ಕೊಬ್ಬರಿ ಎಣ್ಣೆ, ಒಂದು ಹತ್ತಿಯ ಸುರುಳಿ ಖರೀದಿ ಮಾಡಿದ. ಕೊನೆಗೆ ಕೌಂಟರಿನ ಮೇಲೆ ಬಾಗಿ, "ತುರಿಕಿಗಿ ಏನರೆ ಕೊಡ್ರಿ" ಅಂದ.

"ಯಾರಿಗ್ರಿ?"

"ನಮ್ಮ ಮನಿಯಾಗ."

"ಎಲ್ಲಿ ಆಗ್ಯಾದ್ರಿ?"

"ಕಮಲಾಪುರದಾಗ."

ಅಂಗಡಿಯವನಿಗೆ ಇನ್ನೇನು ಹೇಳಬೇಕು? ಅವನು ಒಂದು ಮುಲಾಮು, ಒಂದೇ ಒಂದು ಗುಳಿಗೆ ಕೊಟ್ಟು ಕಳಿಸಿದ. ಮನೆಯಾಕಿ ಬಸುರಿ ಎಂದು ಇವನು ಹೇಳಲಿಲ್ಲ, ಅವನು ಕೇಳಲಿಲ್ಲ. ಗಂಡಸರಿಬ್ಬರು ಸೇರಿ ಆ ಸಂಜೆ ಮರ್ಯಾದೆಯೊಂದನ್ನು ಭಾಳ ಜೋಪಾನವಾಗಿ ಕಾಪಾಡಿದರು.

ಆ ಮುಲಾಮು, ಆ ಗುಳಿಗೆ ಎರಡರ ಬಗ್ಗೆಯೂ ನಾಲ್ಕು ಮಾತು ಹೇಳಲೇಬೇಕು. ಗಜಕರ್ಣಕ್ಕೆಂದು ನಮ್ಮ ಅಂಗಡಿಗಳಲ್ಲಿ ಸಿಗುವ ಹಲವು ಮುಲಾಮುಗಳು ಕಲಬೆರಕೆ ಸಾರು: ಬೂಷ್ಟಿಗೊಂದು ಔಷಧಿ, ಬ್ಯಾಕ್ಟೀರಿಯಾಕ್ಕೊಂದು, ಮೇಲೆ ಜೋರಾದ ಸ್ಟಿರಾಯ್ಡ್. ಸ್ಟಿರಾಯ್ಡ್ ತುರಿಕೆಯನ್ನು ಬೇಗನೆ ಅಡಗಿಸುತ್ತದೆ; ಹಚ್ಚಿದವರು "ಏನ್ ಔಷಧ್ರಿ" ಎಂದು ಹೊಗಳುತ್ತಾರೆ; ಒಳಗೆ ಬೂಷ್ಟು ನಿಶ್ಚಿಂತೆಯಿಂದ ಬೆಳೆಯುತ್ತದೆ, ಚರ್ಮ ತೆಳುವಾಗುತ್ತದೆ. ಈ ಹಾವಳಿ ತಾಳಲಾರದೆ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡಕೂಡದು. ಕಾನೂನು ದಿಲ್ಲಿಯಲ್ಲಿ ಆಯಿತು, ಮುಲಾಮು ಕೌಂಟರಿನ ಮೇಲೇ ಉಳಿಯಿತು.

ಗುಳಿಗೆ ಫ್ಲುಕೊನಜೋಲ್, 150 ಮಿಲಿಗ್ರಾಂ. ಬಸುರಿಲ್ಲದ ಹೆಣ್ಮಗಳಿಗೆ ಡಾಕ್ಟರೇ ಬರೆದುಕೊಡುವ ಗುಳಿಗೆ: ಒಮ್ಮೆ ನುಂಗಿದರೆ ಮುಗಿಯಿತು. ಸರ್ಕಾರಿ ಸುರಕ್ಷಾ ಕ್ಲಿನಿಕ್ಕಿನಲ್ಲಿ ಬಿಳಿ ಹೋಗುವವರಿಗೆ ಕೊಡುವ ಹಸಿರು ಬಣ್ಣದ ಕಿಟ್ಟಿನಲ್ಲೂ ಇದು ಇರುತ್ತದೆ. ಆದರೆ ಹೊಟ್ಟಿಲೆ ಇದ್ದವರಿಗೆ ಇದು ಬೇಡ. 2016ರಲ್ಲಿ ಡೆನ್ಮಾರ್ಕಿನವರು ತಮ್ಮ ದೇಶದ ಲಕ್ಷಗಟ್ಟಲೆ ಬಸುರಿನ ದಾಖಲೆ ತೆಗೆದು ನೋಡಿದರು. ಈ ಗುಳಿಗೆ ನುಂಗಿದವರಲ್ಲಿ ಗರ್ಭಪಾತ ನುಂಗದವರಿಗಿಂತ ಹೆಚ್ಚು ಕಂಡಿತು. ಗುಳಿಗೆಯೇ ಕಾರಣ ಎಂದು ಅದರಿಂದ ಪಕ್ಕಾ ಆಗಲಿಲ್ಲ. ಆದರೂ ಬೇರೆ ಸಲೀಸು ದಾರಿ ಇರುವಾಗ ಈ ಗಂಡಾಂತರ ಯಾಕೆ ಎನ್ನುವುದು ಡಾಕ್ಟರುಗಳ ಲೆಕ್ಕ. ಬಸುರಿ ಎಂದು ಗೊತ್ತಾಗುವ ಮುಂಚೆ ಒಂದು ನುಂಗಿಬಿಟ್ಟವರು ಎದೆ ಬಡಿದುಕೊಳ್ಳಬೇಕಿಲ್ಲ; ಮುಂದಿನ ಚೆಕಪ್ಪಿನಲ್ಲಿ ಮುಚ್ಚಿಡದೆ ಹೇಳಿದರೆ ಸಾಕು.

ಸೊಸೆ ಜಾಣೆ. ಗುಳಿಗೆಯನ್ನು ನುಂಗದೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಆಶಾ ಅಕ್ಕನಿಗೆ ತೋರಿಸಿದಳು. ಆಕೆ ತಾಯಿ ಕಾರ್ಡನ್ನೂ ಗುಳಿಗೆಯನ್ನೂ ಒಮ್ಮೆ ನೋಡಿ, "ಇದು ಬ್ಯಾಡ. 9ನೇ ತಾರೀಖಿಗಿ ದೊಡ್ಡ ಡಾಕ್ಟರ್ ನೋಡ್ತಾರ, ತಡಿಲಿಕ್ಕ ಆಗಲ್ಲಂದ್ರ ನಾಳೇನೆ ಕಲಬುರಗಿಗಿ ಹೋಗ್ರಿ" ಎಂದಳು. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಗಳಲ್ಲಿ ಬಸುರಿಯರಿಗೆ ಬಿಟ್ಟಿ ತಪಾಸಣೆ ಇದೆ. ತುರಿಕೆಗೆ ತಾರೀಖು ಗೊತ್ತಾಗುವುದಿಲ್ಲ. ಹಾಗಾಗಿ ಅತ್ತೆ ಸೊಸೆ ಇಬ್ಬರೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ಟಿನಲ್ಲಿ ಮರುದಿನವೇ ಬಂದಿಳಿದರು. ನಾನು ಜೊತೆಗೆ ಹೋದೆ, ದಾರಿ ತೋರಿಸುವ ನೆಪದಲ್ಲಿ.

ಡಾಕ್ಟರಮ್ಮ ಬರೆಯುವ ಪೆನ್ನು ನಿಲ್ಲಿಸದೆ ಕೇಳಿದರು: "ಕೆಳಗ ತುರಿಕಿ ಅದೇನು? ಬಿಳಿ ಗಟ್ಟಿ ಹೋಗ್ತದೋ ನೀರಾಗಿ ಹೋಗ್ತದೋ? ವಾಸನಿ ಅದೇನು?" ದೊಡ್ಡವ್ವ ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದಳು. ಆಕೆಗೆ ಓದಲು ಬರುವುದಿಲ್ಲ.

ಡಾಕ್ಟರಮ್ಮನ ಪ್ರಶ್ನೆಗಳಿಗೆ ಅರ್ಥವಿತ್ತು. ಬಸುರಿನಲ್ಲಿ ತೆಳ್ಳಗೆ, ವಾಸನೆಯಿಲ್ಲದೆ ಬಿಳಿ ಹೋಗುವುದು ಹೆಚ್ಚಾಗುವುದೇ ಸಹಜ; ಅದಕ್ಕೆ ಔಷಧಿಯೇ ಬೇಡ. ಗಟ್ಟಿಯಾಗಿ, ಮೊಸರಿನ ಗಡ್ಡೆಯಂತೆ, ಹೆಚ್ಚು ವಾಸನೆಯಿಲ್ಲದೆ, ಜೊತೆಗೆ ಪ್ರಾಣ ಹಿಂಡುವ ತುರಿಕೆ ಇದ್ದರೆ ಅದು ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಬೂಷ್ಟು. ಮೀನಿನ ವಾಸನೆ, ಬೂದು ಬಣ್ಣವಿದ್ದರೆ ಬ್ಯಾಕ್ಟೀರಿಯಾದ ಕೆಲಸ. ಹಸಿರು ಹಳದಿ ನೊರೆ ಬಂದರೆ ಮತ್ತೊಂದು. ಒಂದೊಂದಕ್ಕೂ ಬೇರೆ ಬೇರೆ ಮದ್ದು. ರಕ್ತ ಕಂಡರೆ, ನೀರು ಸುರಿದ ಹಾಗೆ ಸೋರಿದರೆ, ಜ್ವರವೋ ಹೊಟ್ಟೆನೋವೋ ಜೊತೆಗೂಡಿದರೆ ತುರಿಕೆಯ ಮಾತು ಬದಿಗಿಟ್ಟು ಅದೇ ಗಳಿಗೆ ದವಾಖಾನೆಗೆ ಓಡಬೇಕು.

ಕ್ಯಾಂಡಿಡಾ ಎಲ್ಲಿಂದಲೋ ಬಂದದ್ದಲ್ಲ. ನಮ್ಮೂರಲ್ಲಿ ಗುಡಿಯ ಕಟ್ಟೆಯ ಮೇಲೆ ವರ್ಷವಿಡೀ ಕೂತಿರುವ ಮಂದಿ ಇರುತ್ತಾರಲ್ಲ, ಯಾರ ತಂಟೆಗೂ ಹೋಗದೆ ಕೂತಿರುತ್ತಾರೆ, ಪಂಕ್ತಿಯಲ್ಲಿ ಎಲೆ ಹಾಕಿದ ಸದ್ದಾದರೆ ಸಾಕು ಎಲ್ಲರಿಗಿಂತ ಮೊದಲು ಎದ್ದು ಬರುತ್ತಾರೆ, ಹಾಗೆ ಇದು ಅನೇಕ ಹೆಣ್ಣುಮಕ್ಕಳ ಮೈಯೊಳಗೆ ಸುಮ್ಮನೆ ಇರುತ್ತದೆ. ಬಸುರಿನಲ್ಲಿ ಈಸ್ಟ್ರೋಜನ್ ಏರುತ್ತದೆ, ಅದರಿಂದ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಹೆಚ್ಚುತ್ತದೆ. ಎಲೆ ಹಾಕಿಯಾಯಿತು. ಕಟ್ಟೆಯ ಮಂದಿ ಎದ್ದರು.

ಅವರನ್ನು ಕಾಯುವವರೂ ಅಲ್ಲೇ ಇರುತ್ತಾರೆ. 1892ರಲ್ಲಿ ಡೋಡರ್ಲೈನ್ ಎಂಬ ಜರ್ಮನ್ ಹೆರಿಗೆ ಡಾಕ್ಟರು ಯೋನಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸುತ್ತ ಕಾವಲಿರುತ್ತವೆ ಎಂದು ಬರೆದರು. ಲ್ಯಾಕ್ಟೋಬ್ಯಾಸಿಲಸ್ ಎಂದು ನಾವೀಗ ಕರೆಯುವುದು ಅವನ್ನೇ. ಮೊಸರು ಹೆಪ್ಪುಗಟ್ಟಿಸುವವುಗಳ ಸಂಬಂಧಿಕರು. ಉರಿಮೂತ್ರಕ್ಕೆಂದೋ ಕೆಮ್ಮಿಗೆಂದೋ ಆಂಟಿಬಯೋಟಿಕ್ ನುಂಗಿದಾಗ ಈ ಕಾವಲುಗಾರರೂ ಜೊತೆಗೇ ಸಾಯುತ್ತಾರೆ. ಸೊಸೆಯದೂ ಅದೇ ಕಥೆ. ಬಸ್ಸಿನಲ್ಲಿ ಮೂತ್ರಕ್ಕೆ ಎಲ್ಲಿ ಇಳಿಯುವುದೆಂದು ನೀರೇ ಕುಡಿಯದೆ ಓಡಾಡಿ ಉರಿಮೂತ್ರ ಮಾಡಿಕೊಂಡಿದ್ದಳು, ಅದಕ್ಕೆ ಆಂಟಿಬಯೋಟಿಕ್ ತಗೊಂಡಿದ್ದಳು. ಅದಾದಮೇಲೆ ಶುರುವಾದದ್ದು ಈ ತುರಿಕೆ. ಸಂಬಂಧಿಕರೆಂದ ಮಾತ್ರಕ್ಕೆ ಅಡಿಗೆಮನೆಯ ಮೊಸರನ್ನೇ ಒಯ್ದು ಕೆಳಗೆ ಹಚ್ಚುವವರೂ ಇದ್ದಾರೆ. ಬೇಡ. ಮೊಸರು ರೊಟ್ಟಿಯ ಜೊತೆಗೇ ಚಂದ.

ಇಷ್ಟು ಕೇಳಿದ ದೊಡ್ಡವ್ವ ಕ್ಯಾಲೆಂಡರ್ ಬಿಟ್ಟು ಇತ್ತ ತಿರುಗಿದಳು. "ಹಂಗಾದ್ರ ಡಾಕ್ಟರಮ್ಮಾ, ಇದು ಯಾರಿಂದ ಬಂತು?" ಸೊಸೆಯ ಮುಖ ಬಿಳುಚಿತು. ಎಷ್ಟೋ ಹುಡುಗಿಯರ ಬಾಯಿಗೆ ಬೀಗ ಹಾಕಿಸುವುದು ಈ ಒಂದು ಪ್ರಶ್ನೆಯೇ. ಡಾಕ್ಟರಮ್ಮ ಮೊದಲ ಬಾರಿಗೆ ಪೆನ್ನು ಕೆಳಗಿಟ್ಟರು. "ಯಾರಿಂದಾನೂ ಬಂದಿಲ್ಲ ಅಜ್ಜಿ. ಇದು ಲೈಂಗಿಕ ರೋಗ ಅಲ್ಲ. ನಾಲ್ಕು ಹೆಣ್ಮಕ್ಕಳೊಳಗ ಮೂರು ಮಂದಿಗಿ ಜೀವನದಾಗ ಒಮ್ಮೆರೆ ಆಗ್ತದ. ನಿಮಗ ಆಗಿರಲಿಲ್ಲೇನು?"

ದೊಡ್ಡವ್ವ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಆಗಿತ್ತು. ಪ್ರತಿ ಬಸುರಿನಾಗೂ. ನಮ್ಮತ್ತಿ ಉಷ್ಣ ಅಂದಿದ್ಳು."

ಮದ್ದು ಸರಳ. ಕ್ಲೋಟ್ರಿಮಜೋಲ್ ಗುಳಿಗೆ ಅಥವಾ ಮುಲಾಮು, ರಾತ್ರಿ ಮಲಗುವಾಗ ಒಳಗಿಟ್ಟುಕೊಳ್ಳುವುದು, ಬಸುರಿಯರಿಗೆ ಸಾಮಾನ್ಯವಾಗಿ ಏಳು ರಾತ್ರಿ. ಮೈಗೆ ಇಳಿಯುವುದು ಬಹಳ ಕಡಿಮೆ, ಕೂಸಿಗೆ ತೊಂದರೆ ಕಂಡಿಲ್ಲ. ಹಾಕುವ ಪ್ಲಾಸ್ಟಿಕ್ ಕಡ್ಡಿ ಗರ್ಭದ ಬಾಯಿಗೆ ತಾಗಬಾರದೆಂದು ಎಷ್ಟೋ ಡಾಕ್ಟರು ಕೈ ತೊಳೆದುಕೊಂಡು ಬೆರಳಿಂದಲೇ ಇಡಿ ಎನ್ನುತ್ತಾರೆ. ಇಲ್ಲಿ ಎರಡು ತಮಾಷೆ ನಡೆಯುತ್ತವೆ. ಒಂದು, ವಿವರಿಸಿ ಹೇಳಲು ಎಲ್ಲರಿಗೂ ನಾಚಿಕೆಯಾಗಿ, 'ರಾತ್ರಿ ಒಂದು ತಗೊ' ಎಂಬಷ್ಟೇ ಕಿವಿಗೆ ಬಿದ್ದು, ಕೆಳಗಿಡುವ ಗುಳಿಗೆಯನ್ನು ನೀರಿನ ಜೊತೆ ನುಂಗಿಬಿಡುವುದು. ಇನ್ನೊಂದು, ಎರಡು ರಾತ್ರಿಗೆ ತುರಿಕೆ ನಿಂತಿತೆಂದು ಉಳಿದ ಗುಳಿಗೆಗಳನ್ನು ದೇವರ ಜಗಲಿಯ ಡಬ್ಬಿಯಲ್ಲಿ 'ಮುಂದಕ್ಕ ಬರ್ತಾವ' ಎಂದು ಕಾದಿಡುವುದು. ಮುಂದಕ್ಕೆ ಬರುವುದು ತುರಿಕೆಯೇ.

ಪದೇಪದೇ ಬಂದರೆ ಡಾಕ್ಟರು ಸಕ್ಕರೆ ಅಳೆಯುತ್ತಾರೆ. ರಕ್ತದಲ್ಲಿ ಸಕ್ಕರೆ ಏರಿದರೆ ಬೂಷ್ಟಿಗೆ ದಿನವೂ ಹಬ್ಬ. 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ತಾಸು ಬಿಟ್ಟು ರಕ್ತ ತೆಗೆದಾಗ 140 ಅಥವಾ ಅದಕ್ಕೂ ಹೆಚ್ಚು ಬಂದರೆ ಬಸುರಿನ ಸಕ್ಕರೆ ಕಾಯಿಲೆ ಎಂದರ್ಥ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ಈ ಪರೀಕ್ಷೆ. ಈ ಎರಡನೆಯದು ಬರುವುದು ಸರಿಯಾಗಿ ನಮ್ಮಲ್ಲಿ ಕುಬಸದ ಸುಗ್ಗಿಯಲ್ಲಿ! ಬೀಗರ ಕಡೆಯಿಂದ ಶೇಂಗಾ ಹೋಳಿಗೆ, ತವರಿನಿಂದ ಮಾದಲಿ, ಎದುರು ಮನೆಯಿಂದ ಕರಿಗಡಬು. ಜರಿ ಸೀರೆಯೊಳಗೆ ನೈಲಾನ್ ಲಂಗ, ಮೇಲೆ ಹಸಿರು ಬಳೆ, ಸುತ್ತ ಐವತ್ತು ಮಂದಿ, ಕರೆಂಟು ಹೋದ ಹೊತ್ತು. ಬಸುರಿ ಅಷ್ಟೂ ತಾಸು ನಗುತ್ತ ಕೂತಿರಬೇಕು. ಫೋಟೊದಲ್ಲಿ ಕೆಲವರ ನಗು ಯಾಕೆ ಬಿಗಿಯಾಗಿರುತ್ತದೆ ಎಂದು ನನಗೀಗ ಅನುಮಾನ ಬರುತ್ತದೆ.

ಬಿಸಿಲನ್ನು ಪೂರಾ ನಿರಪರಾಧಿ ಎನ್ನಲಾರೆ. ಬೆವರಿನ ಪಸೆ, ಬಿಗಿ ಬಟ್ಟೆ ಎರಡೂ ಸೇರಿದರೆ ಬೂಷ್ಟಿಗೆ ಅನುಕೂಲ. ಅದಕ್ಕೇ ಒಳಬಟ್ಟೆ ಹತ್ತಿಯದಿರಲಿ, ಸಡಿಲಿರಲಿ, ಒದ್ದೆಯಾದರೆ ಬದಲಿಸಲಿ. ತೊಳೆಯಲು ಬರೀ ನೀರು ಸಾಕು, ಹೊರಗಷ್ಟೇ. ಡೆಟಾಲು, ಘಮಘಮ ಸೋಪು, ಸೆಂಟು ಯಾವುದೂ ಬೇಡ. ಆದರೆ ನಮ್ಮೂರಿನ ಸೋಜಿಗ ನೋಡಿ. 43 ಡಿಗ್ರಿ ಬಿಸಿಲು ಪುಕ್ಕಟೆ ಸಿಗುವ ಊರಿನಲ್ಲಿ ಗಂಡಸರ ಬನಿಯನ್ನು, ಪಟ್ಟಿ ಚಡ್ಡಿ ಮಾಳಿಗೆಯ ಮೇಲೆ ಬಾವುಟವಾಗಿ ಹಾರಾಡುತ್ತವೆ. ಹೆಣ್ಣುಮಕ್ಕಳ ಒಳಬಟ್ಟೆ ಮಾತ್ರ ಬಚ್ಚಲಮನೆಯ ಮೂಲೆಯಲ್ಲಿ, ಟವೆಲಿನ ಕೆಳಗೆ, ಅರೆ ಒದ್ದೆಯಾಗಿ ಅಡಗಿರುತ್ತದೆ. ಬಿಸಿಲಿನ ಮೇಲೆ ಮಾಡದ ತಪ್ಪು ಹೊರಿಸಿದ್ದಲ್ಲದೆ ಅದು ಮಾಡಬಲ್ಲ ಉಪಕಾರಕ್ಕೂ ಟವೆಲ್ ಮುಚ್ಚುತ್ತೇವೆ.

ಬೂಷ್ಟಿಗೆ ಮನುಷ್ಯರ ಮೇಲೆ ಬಳಸಬಹುದಾದ ಮೊದಲ ಒಳ್ಳೆಯ ಔಷಧಿ ಕಂಡುಹಿಡಿದವರು ಇಬ್ಬರು ಹೆಣ್ಣುಮಕ್ಕಳು: ಅಮೆರಿಕದ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಸುಮಾರು 150 ಮೈಲಿ ದೂರದ ಆಲ್ಬನಿಯಲ್ಲಿ. ಮಣ್ಣಿನಿಂದ ತೆಗೆದು ಬೆಳೆಸಿದ ಸೂಕ್ಷ್ಮಜೀವಿಗಳ ಬಾಟಲಿಗಳನ್ನು ಅಂಚೆಯಲ್ಲಿ ಅತ್ತಿತ್ತ ಕಳಿಸುತ್ತ, ಪರಿಚಿತರ ಹೊಲದಿಂದ ತಂದ ಮಣ್ಣಿನಲ್ಲಿ ಬೇಕಾದದ್ದನ್ನು ಹಿಡಿದು, 1950ರಲ್ಲಿ ನಿಸ್ಟಾಟಿನ್ ಔಷಧಿಯನ್ನು ಜಗತ್ತಿಗೆ ತೋರಿಸಿದರು. ಬಂದ ಕೋಟಿಗಟ್ಟಲೆ ರಾಯಧನವನ್ನು ತಾವು ಮುಟ್ಟದೆ ಸಂಶೋಧನೆಗೆ ಬಿಟ್ಟರು. ಆ ಇಬ್ಬರು 150 ಮೈಲಿ ದೂರದಿಂದ ಬೂಷ್ಟಿನ ಸುದ್ದಿ ಮಾತಾಡಿಕೊಂಡರು. ನಮ್ಮಲ್ಲಿ ಅತ್ತೆಯ ಒಲೆಗೂ ಸೊಸೆಯ ಕೋಣೆಗೂ ನಡುವೆ ಇರುವುದು ಒಂದು ಪಡಸಾಲೆ.

ಹೊಟ್ಟೆಯಲ್ಲಿರುವ ಕೂಸಿಗೆ ಈ ತುರಿಕೆಯಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಹೆರಿಗೆಯ ದಾರಿಯಲ್ಲಿ ಬಾಯಿಗೆ ಹತ್ತಿ, ನಾಲಿಗೆಯ ಮೇಲೆ ಒರೆಸಿದರೂ ಹೋಗದ ಬಿಳಿ ಪಟ್ಟಿ ಕಂಡರೆ ಡಾಕ್ಟರು ಹನಿ ಔಷಧಿ ಕೊಡುತ್ತಾರೆ. ಅಜ್ಜಿಯಂದಿರು ಆಗ ಬಟ್ಟೆಯಿಂದ ತಿಕ್ಕುವುದು, ಜೇನುತುಪ್ಪ ನೆಕ್ಕಿಸುವುದು ಎರಡನ್ನೂ ಮಾಡಬಾರದು. ವರ್ಷ ತುಂಬುವವರೆಗೆ ಕೂಸಿಗೆ ಜೇನು ಅಪಾಯ.

ಸೊಸೆ ಏಳು ರಾತ್ರಿ ಮುಗಿಸಿದಳು, ಸಕ್ಕರೆ ಸರಿಯಿತ್ತು, ಕೂತುಕೊಂಡು ಊಟ ಮಾಡತೊಡಗಿದಳು. ಮಾಸ್ತರನಿಗೆ ನಾನೊಂದು ಮನೆಗೆಲಸ ಕೊಟ್ಟಿದ್ದೇನೆ: ಮುಂದಿನ ಸಲ ಔಷಧಿ ತರುವಾಗ "ನನ್ನ ಹೆಂಡತಿ, ಬಸುರಿ, ಇಷ್ಟು ತಿಂಗಳು" ಎಂಬ ಮೂರು ಮಾತನ್ನು ಮಗ್ಗಿ ಹೇಳುವ ಗಂಟಲಲ್ಲೇ ಹೇಳಬೇಕು. ಇನ್ನೂ ಅಭ್ಯಾಸ ನಡೆದಿದೆ.

ತೊಂದರೆಯಾದದ್ದು ದೊಡ್ಡವ್ವನಿಂದ. ಡಾಕ್ಟರಮ್ಮನ ಪಾಠ ಆಕೆಗೆ ಮೈಗೂಡಿತು, ಸ್ವಲ್ಪ ಜಾಸ್ತಿಯೇ ಮೈಗೂಡಿತು. ಈಗ ಕಮಲಾಪುರದ ಬಸ್ಸಿನಲ್ಲಿ ಯಾವ ಬಸುರಿ ಕಂಡರೂ ಮಗ್ಗಲಲ್ಲಿ ಕೂತು, ಕಂಡಕ್ಟರಿಗೂ ಕೇಳುವಂತೆ "ಕೆಳಗ ತುರಿಕಿ ಅದೇನವಾ?" ಎಂದು ವಿಚಾರಿಸುತ್ತಾಳೆ. ಒಳ್ಳೆಯದೇ ಅಂದುಕೊಂಡೆ. ಮೊನ್ನೆ ಫೋನು ಮಾಡಿ ನನಗೆ ಮೊಳಕಾಲು ನೋವು ಎಂದೆ. ಹಿಂದಾದರೆ ಉಷ್ಣ ಅನ್ನುತ್ತಿದ್ದಳು. ಈ ಸಲ ದನಿ ಗಂಭೀರ ಮಾಡಿ, "ಬೂಷ್ಟು ಇರಬೇಕು, ಏಳು ರಾತ್ರಿ ಗುಳಿಗಿ ಇಟ್ಕೊ" ಅಂದಳು. ಎಲ್ಲಿ ಇಟ್ಟುಕೊಳ್ಳಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.